ನಮ್ಮ ಬಾಲಿಕೆಯರೂ ಈಜಿನ ಪಂದ್ಯವೂ

2024ನೆಯ ಇಸವಿ ಜುಲೈ 28ನೆಯ ದಿನ ಪ್ಯಾರಿಸಿನ ಒಲಿಂಪಿಕ್ ಪಂದ್ಯಗಳಲ್ಲಿ ಸ್ತ್ರೀಯರ 200 ಮೀಟರು ಫ್ರೀಸ್ಟೈಲ್ ಈಜಿನ ಪ್ರಥಮ ಸುತ್ತು ನಡೆಯಿತು. ಅದರಲ್ಲಿ ಭಾರತದ ಪರವಾಗಿ ನೀರಿಗಿಳಿದವಳು ಬೆಂಗಳೂರಿನ ಧಿನಿಧಿ ದೇಸಿಂಗು ಎಂಬ ಹದಿನಾಲ್ಕು ವರ್ಷದ ಬಾಲಿಕೆ. ನಮ್ಮ ದೇಶದಿಂದ ಹೋದ 117 ಮಂದಿಯಲ್ಲಿ ಆಕೆಯೇ ಅತ್ಯಂತ ಕಿರಿಯಳು. ಅದೇ ತಂಡದ ಅತ್ಯಂತ ಹಿರಿಯರಾದ ಟೆನಿಸ್ ಆಟಗಾರ ರೋಹನ್ ಬೋಪಣ್ಣನವರೂ ಕರ್ಣಾಟಕದವರೇ, ಕೊಡಗಿನವರು. ಧಿನಿಧಿಯು 2 ನಿಮಿಷ 6.96 ಸೆಕೆಂಡುಗಳಲ್ಲಿ ಈಜಿ ತನ್ನ ಗುಂಪಿನಲ್ಲಿ ಮೊದಲನೆಯವಳಾದಳು. ಆದರೆ ಎಲ್ಲ ಗುಂಪುಗಳನ್ನೂ ಸೇರಿಸಿ ಎಣಿಸಿದಾಗ ಆಕೆಗೆ 23ನೆಯ ಸ್ಥಾನ ದೊರೆಯಿತು. ಮುಂದಿನ ಸುತ್ತಿಗೆ ಹೋಗುವವರು ಹದಿನಾರು ಮಂದಿ ಮಾತ್ರವಾದುದರಿಂದ ಆಕೆಯ ಪಂದ್ಯವು ಅಲ್ಲಿಗೇ ಮುಗಿಯಿತು.

ಈ ಸುದ್ದಿಯನ್ನು ಓದಿ ಕೆಲವರು ಸಂತೋಷಪಟ್ಟರು, ಕೆಲವರು ನಿಟ್ಟುಸಿರು ಬಿಟ್ಟರು. ಮರುದಿನ ಉಭಯರೂ ಮರೆತರು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ನಮ್ಮ ವಾಚಕರು ಇದನ್ನು ಅಷ್ಟು ಬೇಗನೆ ಮರೆಯಬಾರದೆಂಬುದು ನಮ್ಮ ಅಭಿಪ್ರಾಯ. ಹೇಮಾವತಿಯ ತೀರದಲ್ಲಿಯೂ ಅದರ ಕಾಲುವೆಗಳ ಬದಿಯಲ್ಲಿಯೂ ವಾಸಿಸುವ ನಮಗೆ ಆ ಪಂದ್ಯವು ಪರಸ್ಥಳದ ವಿನೋದವಲ್ಲ. ಅದು ನಮ್ಮ ಮನೆಯ ಹೆಣ್ಣು ಮಕ್ಕಳ ಪ್ರಾಣಕ್ಕೂ ನಮ್ಮ ದೇಶದ ಮಾನಕ್ಕೂ ಸಂಬಂಧಿಸಿದ ವಿಷಯ. ಹೇಗೆಂಬುದನ್ನು ಕ್ರಮವಾಗಿ ವಿಚಾರಮಾಡೋಣ.

ಪಂದ್ಯದ ಸ್ವರೂಪ

ಫ್ರೀಸ್ಟೈಲ್ ಎಂದರೆ ಸ್ವೇಚ್ಛೆಯ ಈಜು. ಈಜುವವರು ತಮಗೆ ಇಷ್ಟವಾದ ಯಾವ ರೀತಿಯಿಂದಲಾದರೂ ಈಜಬಹುದು. ಆದರೆ ಬೋರಲಾಗಿ ಮಲಗಿ, ತೋಳುಗಳನ್ನು ಒಂದಾದ ಮೇಲೊಂದರಂತೆ ಮುಂದಕ್ಕೆ ಬೀಸುತ್ತ, ಕಾಲುಗಳನ್ನು ಬಡಿಯುತ್ತ, ಮುಖವನ್ನು ಪಕ್ಕಕ್ಕೆ ತಿರುಗಿಸಿ ಉಸಿರೆಳೆಯುವ ರೀತಿಗಿಂತ ವೇಗವಾದುದು ಈವರೆಗೆ ಕಂಡುಬಂದಿಲ್ಲವಾದುದರಿಂದ ಎಲ್ಲರೂ ಅದನ್ನೇ ಅನುಸರಿಸುತ್ತಾರೆ. ನಿಬಂಧನೆಗಳು ಕೆಲವೇ. ಪ್ರಾರಂಭದ ನೆಗೆತದ ನಂತರವೂ ಪ್ರತಿಯೊಂದು ತಿರುವಿನ ನಂತರವೂ 15 ಮೀಟರಿನೊಳಗಾಗಿ ತಲೆಯು ನೀರಿನ ಮೇಲಕ್ಕೆ ಬರತಕ್ಕದ್ದು. ತಿರುವಿನಲ್ಲಿ ದೇಹದ ಯಾವುದಾದರೊಂದು ಭಾಗವು ಗೋಡೆಯನ್ನು ಮುಟ್ಟತಕ್ಕದ್ದು. ಒಲಿಂಪಿಕ್ ಕೊಳದ ಉದ್ದ 50 ಮೀಟರು. ಹಾಗಾಗಿ 200 ಮೀಟರೆಂದರೆ ಕೊಳವನ್ನು ನಾಲ್ಕು ಸಲ ಹಾಯಬೇಕು, ಮೂರು ಸಲ ತಿರುಗಬೇಕು. ಗೋಡೆಗೆ ಅಳವಡಿಸಿದ ವಿದ್ಯುತ್ ಫಲಕವನ್ನು ಕೈ ಮುಟ್ಟಿದ ಕ್ಷಣವೇ ಕಾಲವು ಸೆಕೆಂಡಿನ ನೂರರಲ್ಲೊಂದು ಭಾಗದವರೆಗೆ ದಾಖಲಾಗುತ್ತದೆ. ಶಿಫಾರಸಿಗಾಗಲಿ ತೀರ್ಪುಗಾರರ ದಾಕ್ಷಿಣ್ಯಕ್ಕಾಗಲಿ ಇಲ್ಲಿ ಎಡೆಯಿಲ್ಲ.

200 ಮೀಟರಿನ ಪಂದ್ಯವು ವಿಶೇಷವಾಗಿ ಕಠಿನವಾದುದು. 50 ಮೀಟರಿನಂತೆ ಕಣ್ಣುಮುಚ್ಚಿ ನುಗ್ಗಿದರೆ ಮೂರನೆಯ ಹಾಯುವಿಕೆಯಲ್ಲಿ ತೋಳು ಸೋಲುತ್ತದೆ. 800 ಮೀಟರಿನಂತೆ ಶಕ್ತಿಯನ್ನು ಕೂಡಿಟ್ಟುಕೊಂಡರೆ ಮುಂದಿನವರು ಕೈಗೆ ಸಿಕ್ಕುವುದಿಲ್ಲ. ಬಲ, ಉಸಿರು, ವಿವೇಕ ಮೂರೂ ಸಮನಾಗಿರಬೇಕು. ಇವು ಒಂದು ಬೇಸಗೆಯಲ್ಲಿ ಬರುವ ಗುಣಗಳಲ್ಲ.

ಅಂತರದ ಲೆಕ್ಕ

ಜುಲೈ 29ರಂದು ನಡೆದ ಅಂತಿಮ ಪಂದ್ಯದಲ್ಲಿ ಆಸ್ಟ್ರೇಲಿಯದ ಮಾಲಿ ಓ’ಕಾಲಗನ್ 1 ನಿಮಿಷ 53.27 ಸೆಕೆಂಡುಗಳಲ್ಲಿ ಗೆದ್ದು ಒಲಿಂಪಿಕ್ ದಾಖಲೆಯನ್ನು ಸ್ಥಾಪಿಸಿದರು. ಅವರ ದೇಶದವರೇ ಆದ ಏರಿಯಾರ್ನ್ ಟಿಟ್ಮಸ್ ಎರಡನೆಯವರಾದರು. ಹಾಂಗ್‌ಕಾಂಗಿನ ಶಿವಾನ್ ಹಾಹಿ ಮೂರನೆಯವರಾದರು. ನಮ್ಮ ಬಾಲಿಕೆಯ ಕಾಲಕ್ಕೂ ವಿಜೇತೆಯ ಕಾಲಕ್ಕೂ 13.69 ಸೆಕೆಂಡುಗಳ ವ್ಯತ್ಯಾಸ. ಸರಾಸರಿ ವೇಗದಿಂದ ಗುಣಿಸಿ ನೋಡಿದರೆ, ಇಬ್ಬರೂ ಒಂದೇ ಕೊಳದಲ್ಲಿ ಒಟ್ಟಿಗೆ ಹೊರಟಿದ್ದಲ್ಲಿ ಒಬ್ಬರು ಗೋಡೆ ಮುಟ್ಟುವಾಗ ಇನ್ನೊಬ್ಬಳು ಇಪ್ಪತ್ತೊಂದು ಮೀಟರಿಗೂ ಹೆಚ್ಚು ಹಿಂದೆ, ಎಂದರೆ ಕೊಳದ ಅರ್ಧಕ್ಕೆ ಸ್ವಲ್ಪವೇ ಕಡಮೆಯಾದ ದೂರದಲ್ಲಿ, ಇರುತ್ತಿದ್ದಳು.

ಈ ಅಂತರವನ್ನು ಇನ್ನೊಂದು ರೀತಿಯಿಂದಲೂ ಅಳೆಯಬಹುದು. ಸ್ತ್ರೀಯರ 200 ಮೀಟರು ಫ್ರೀಸ್ಟೈಲ್ ಒಲಿಂಪಿಕ್ಕಿನಲ್ಲಿ ಮೊದಲು ನಡೆದದ್ದು 1968ರಲ್ಲಿ, ಮೆಕ್ಸಿಕೋ ನಗರದಲ್ಲಿ. ಅಂದು ಹದಿನಾರು ವರ್ಷದ ಅಮೆರಿಕದ ಡೆಬಿ ಮೇಯರ್ 2 ನಿಮಿಷ 10.5 ಸೆಕೆಂಡುಗಳಲ್ಲಿ ಗೆದ್ದರು. 1972ರಲ್ಲಿ ಮ್ಯೂನಿಕ್ ನಗರದಲ್ಲಿ ಹದಿನೈದು ವರ್ಷದ ಆಸ್ಟ್ರೇಲಿಯದ ಶೇನ್ ಗೂಲ್ಡ್ 2 ನಿಮಿಷ 3.56 ಸೆಕೆಂಡುಗಳಲ್ಲಿ ಗೆದ್ದರು. ಧಿನಿಧಿಯ ಪ್ಯಾರಿಸಿನ ಕಾಲವನ್ನು ಇವೆರಡರ ಪಕ್ಕದಲ್ಲಿಟ್ಟರೆ ಆಕೆ ಮೆಕ್ಸಿಕೋದಲ್ಲಿ ಚಿನ್ನವನ್ನೇ ಗೆಲ್ಲುತ್ತಿದ್ದಳು, ಮ್ಯೂನಿಕ್ಕಿನಲ್ಲಿ ಗೆಲ್ಲುತ್ತಿರಲಿಲ್ಲ. ಆದುದರಿಂದ ನಾವು ಲೋಕಕ್ಕಿಂತ ಅರ್ಧ ಶತಮಾನ ಹಿಂದಿದ್ದೇವೆ. ಹದಿನಾಲ್ಕರ ಆ ಬಾಲಿಕೆಯನ್ನು ನಿಂದಿಸುವುದಕ್ಕಾಗಿ ಇದನ್ನು ಬರೆಯುತ್ತಿಲ್ಲ. ಆಕೆ ತನ್ನ ಪಾಲಿನದನ್ನು ಮಾಡಿದ್ದಾಳೆ. ಹಿಂದೆ ಬಿದ್ದಿರುವುದು ಆಕೆಯ ತೋಳುಗಳಲ್ಲ, ನಮ್ಮ ಏರ್ಪಾಡುಗಳು.

ಇನ್ನೊಂದು ಸಂಗತಿಯನ್ನೂ ಮುಚ್ಚಿಡದೆ ಹೇಳಬೇಕು. ಆಕೆ ಪ್ಯಾರಿಸಿಗೆ ಹೋದದ್ದು ನಿಗದಿಯಾದ ಕಾಲಮಿತಿಯನ್ನು ಮುಟ್ಟಿ ಅಲ್ಲ. ಅರ್ಹತೆ ಪಡೆದವರಿಲ್ಲದ ದೇಶಗಳಿಗೂ ಒಬ್ಬ ಪುರುಷ, ಒಬ್ಬ ಸ್ತ್ರೀಯನ್ನು ಕಳುಹಿಸಲು ಕೊಡುವ ಸಾರ್ವತ್ರಿಕ ಸ್ಥಾನದ ಮೂಲಕ. 140 ಕೋಟಿ ಜನರ ದೇಶವು ಸಣ್ಣ ಸಣ್ಣ ದ್ವೀಪಗಳ ಪಂಕ್ತಿಯಲ್ಲಿ ಕುಳಿತು ಆ ಔದಾರ್ಯವನ್ನು ಸ್ವೀಕರಿಸಬೇಕಾಯಿತು. ಸ್ವರಾಜ್ಯವನ್ನು ಹೋರಾಡಿ ಪಡೆದ ಜನರಿಗೆ ಇದು ಚುಚ್ಚದೆ ಇರಲಾರದು. ಮೂರನೆಯವರಾದ ಶಿವಾನ್ ಹಾಹಿಯವರ ಹಾಂಗ್‌ಕಾಂಗಿನ ಜನಸಂಖ್ಯೆ ಸುಮಾರು 75 ಲಕ್ಷ, ನಮ್ಮ ಬೆಂಗಳೂರಿಗಿಂತ ಕಡಮೆ. ಅಲ್ಲಿ ಸರ್ಕಾರವು ನಡೆಸುವ ಸಾರ್ವಜನಿಕ ಈಜುಕೊಳಗಳು ನಲವತ್ತಕ್ಕೂ ಮಿಗಿಲು. ಆಕೆ ಮುಂದೆ ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿ ಶಿಕ್ಷಣ ಪಡೆದು, ಟೋಕಿಯೋದಲ್ಲಿ ಎರಡು ಬೆಳ್ಳಿ, ಪ್ಯಾರಿಸಿನಲ್ಲಿ ಎರಡು ಕಂಚಿನ ಪದಕಗಳನ್ನು ಗಳಿಸಿದರು. ಜನಸಂಖ್ಯೆಯೇ ಪದಕವನ್ನು ತರುವುದಿಲ್ಲ. ನೀರಿಗಿಳಿದವರ ಸಂಖ್ಯೆ ತರುತ್ತದೆ.

ಕರ್ಣಾಟಕದ ಮೂವರು

ಹಾಗೆಂದು ನಾವು ಬರಿಗೈಯವರಲ್ಲ. 1952ರಲ್ಲಿ ಹೆಲ್ಸಿಂಕಿಯ ಒಲಿಂಪಿಕ್ಕಿಗೆ ಡಾಲಿ ನಜೀರ್ ಅವರೂ, ಹನ್ನೊಂದೇ ವರ್ಷದ ಕಲ್ಕತ್ತೆಯ ಆರತಿ ಸಹಾ ಅವರೂ ಭಾರತದ ಪರವಾಗಿ ಹೋಗಿದ್ದರು. ಅದೇ ಆರತಿ ಸಹಾ 1959ರಲ್ಲಿ ಇಂಗ್ಲಿಷ್ ಕಡಲ್ಗಾಲುವೆಯನ್ನು ಈಜಿ ದಾಟಿದ ಪ್ರಥಮ ಏಷ್ಯಾ ಮಹಿಳೆಯೆಂಬ ಕೀರ್ತಿಗೆ ಪಾತ್ರರಾದರು. ಅನಂತರದ ಕಾಲದಲ್ಲಿ ಈ ಪರಂಪರೆಯನ್ನು ಎತ್ತಿ ಹಿಡಿದವರಲ್ಲಿ ಕರ್ಣಾಟಕದವರು ಮುಖ್ಯರು.

2000ನೆಯ ಇಸವಿಯಲ್ಲಿ ಸಿಡ್ನಿಯ ಒಲಿಂಪಿಕ್ಕಿನಲ್ಲಿ ಇದೇ 200 ಮೀಟರು ಫ್ರೀಸ್ಟೈಲ್‌ನಲ್ಲಿ ಈಜಿದವರು ಬೆಂಗಳೂರಿನ ನಿಶಾ ಮಿಲೆಟ್. ಅವರೂ ತಮ್ಮ ಗುಂಪಿನಲ್ಲಿ ಮೊದಲಿಗರಾಗಿ, ಧಿನಿಧಿಯಂತೆಯೇ ಮುಂದಿನ ಸುತ್ತಿಗೆ ಹೋಗಲಾರದೆ ಹೋದರು. ಅದಕ್ಕೆ ಮುನ್ನ 1999ರಲ್ಲಿ ಮಣಿಪುರದಲ್ಲಿ ನಡೆದ ರಾಷ್ಟ್ರೀಯ ಕ್ರೀಡಾಕೂಟದಲ್ಲಿ ಅವರು 14 ಚಿನ್ನದ ಪದಕಗಳನ್ನು ಗೆದ್ದಿದ್ದರು. ಅದೇ ಸಾಲಿನ ಅರ್ಜುನ ಪ್ರಶಸ್ತಿಯೂ ಅವರಿಗೆ ಸಂದಿತು. 2004ರಲ್ಲಿ ಅಥೆನ್ಸಿನಲ್ಲಿ 50 ಮೀಟರು, 100 ಮೀಟರು ಎರಡು ಫ್ರೀಸ್ಟೈಲ್ ಪಂದ್ಯಗಳಲ್ಲಿ ಭಾಗವಹಿಸಿದವರು ಬೆಂಗಳೂರಿನ ಶಿಖಾ ಟಂಡನ್. 2005ನೆಯ ಸಾಲಿನ ಅರ್ಜುನ ಪ್ರಶಸ್ತಿಯನ್ನು ಪಡೆದ ಅವರು ಮುಂದೆ ಜೀವವಿಜ್ಞಾನದಲ್ಲಿ ಉನ್ನತ ವ್ಯಾಸಂಗ ಮಾಡಿ, ಕ್ರೀಡೆಯಲ್ಲಿ ಮದ್ದು ಸೇವಿಸಿ ಮೋಸಮಾಡುವುದನ್ನು ತಡೆಯುವ ಅಮೆರಿಕದ ಸಂಸ್ಥೆಯಲ್ಲಿ ಕೆಲಸಮಾಡಿದರು. ಈಜಿದರೆ ಓದು ಕೆಡುವುದೆಂದು ಹೇಳುವ ತಂದೆತಾಯಿಗಳು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕು. ಮೂರನೆಯವಳೇ ಧಿನಿಧಿ. 2023ರಲ್ಲಿ ಗೋವೆಯಲ್ಲಿ ನಡೆದ ರಾಷ್ಟ್ರೀಯ ಕ್ರೀಡಾಕೂಟದಲ್ಲಿ ಆಕೆ ಏಳು ಚಿನ್ನವನ್ನೂ, 2025ರಲ್ಲಿ ಉತ್ತರಾಖಂಡದಲ್ಲಿ ಒಂಬತ್ತು ಚಿನ್ನವನ್ನೂ ಗೆದ್ದಳು.

ಈ ಮೂವರೂ ನೀರಿಗೆ ಬಂದ ಬಗೆಯನ್ನು ವಿಚಾರಿಸಿದರೆ ಒಂದು ಸ್ವಾರಸ್ಯವು ತೋರುವುದು. ನಿಶಾ ಮಿಲೆಟ್ ಐದು ವರ್ಷದ ಮಗುವಾಗಿದ್ದಾಗ ನೀರಿನಲ್ಲಿ ಮುಳುಗಿ ಸಾಯುವ ಸ್ಥಿತಿಯಿಂದ ಪಾರಾದರು. ಅಂಥ ಸಂದರ್ಭದಲ್ಲಿ ಅನೇಕ ತಂದೆಯರು ಮಗಳನ್ನು ಇನ್ನು ಮುಂದೆ ನೀರಿನ ಹತ್ತಿರ ಸುಳಿಯಗೊಡುತ್ತಿರಲಿಲ್ಲ. ಅವರ ತಂದೆಯಾದರೋ ಮಗಳಿಗೆ ಈಜು ಕಲಿಸಿಯೇ ತೀರಬೇಕೆಂದು ನಿಶ್ಚಯಿಸಿದರು. ಧಿನಿಧಿಯನ್ನು ಕೊಳಕ್ಕೆ ಕರೆದೊಯ್ದದ್ದು ಪದಕದ ಆಸೆಯಿಂದಲ್ಲ, ಮಗುವಿನ ಸಂಕೋಚವು ಬಿಟ್ಟುಹೋಗಲಿ ಎಂದು. ಭಯ, ಸಂಕೋಚ ಎಂಬಿವೇ ನಮ್ಮ ಹೆಣ್ಣು ಮಕ್ಕಳನ್ನು ದಡದಲ್ಲಿ ನಿಲ್ಲಿಸಿರುವ ಎರಡು ಕಾರಣಗಳು. ಆ ಎರಡು ಮನೆಗಳಲ್ಲಿ ಅವೇ ನೀರಿಗಿಳಿಸುವ ಕಾರಣಗಳಾದುವು. ಜೊತೆಗೆ, ಮೂವರಿಗೂ ಕೊಳವಿತ್ತು, ಕಲಿಸುವವರಿದ್ದರು, ನೀರು ಶುಚಿಯಾಗಿತ್ತು. ಇವೆಲ್ಲವೂ ಬೆಂಗಳೂರಿನಂಥ ದೊಡ್ಡ ಪಟ್ಟಣದಲ್ಲಿದ್ದುವು.

ನಮ್ಮ ನಾಲ್ಕು ಊರುಗಳ ಸ್ಥಿತಿ

ಈಗ ನಮ್ಮ ಕಡೆಗೆ ದೃಷ್ಟಿಯನ್ನು ತಿರುಗಿಸೋಣ. ನಮಗೆ ನೀರಿನ ಕೊರತೆಯೆಂದು ಹೇಳುವಂತಿಲ್ಲ. ಹೊಳೆನರಸೀಪುರವು ಹೆಸರಿನಲ್ಲಿಯೇ ಹೊಳೆಯನ್ನು ಹೊತ್ತುಕೊಂಡಿದೆ. ಅರಕಲಗೂಡು ತಾಲ್ಲೂಕಿಗೆ ಉತ್ತರದಲ್ಲಿ ಹೇಮಾವತಿ, ದಕ್ಷಿಣದಲ್ಲಿ ಕಾವೇರಿ. ಕೊಣನೂರು, ರಾಮನಾಥಪುರಗಳ ಜನರಿಗೆ ಕಾವೇರಿಯೇ ಅಂಗಳ. ಗೊರೂರಿನ ಅಣೆಕಟ್ಟು 1979ರಲ್ಲಿ ಪೂರ್ಣವಾದ ಮೇಲೆ ಹೇಮಾವತಿಯ ನೀರು ಕಾಲುವೆಯಾಗಿ ಚನ್ನರಾಯಪಟ್ಟಣದ ಸೀಮೆಯನ್ನು ಹಾಯ್ದು, ಬಾಗೂರು-ನವಿಲೆಯ ಸುರಂಗದ ಮೂಲಕ ತುಮಕೂರಿನವರೆಗೂ ಹರಿಯಿತು. ಕೆರೆಗಳನ್ನಂತೂ ನಮ್ಮ ಹಿರಿಯರು ಊರೂರಿಗೆ ಕಟ್ಟಿಸಿದರು.

ಇಷ್ಟು ನೀರಿನ ನಡುವೆ ಗಂಡು ಹುಡುಗರು ಬೆನ್ನಿಗೆ ಬೆಂಡು ಕಟ್ಟಿಕೊಂಡೋ ಒಣಗಿದ ಸೋರೆಬುರುಡೆಯನ್ನು ಅವಚಿಕೊಂಡೋ ಬಾವಿ ಕೆರೆಗಳಲ್ಲಿ ಹೇಗೋ ಈಜು ಕಲಿಯುತ್ತ ಬಂದರು. ಹೆಣ್ಣು ಮಕ್ಕಳಾದರೋ ಅದೇ ನೀರಿನ ಸೋಪಾನದ ಮೇಲೆ ಕುಳಿತು ಬಟ್ಟೆ ಒಗೆದರು, ಕೊಡ ತುಂಬಿದರು, ದನಗಳ ಮೈ ತೊಳೆದರು. ನೀರಿನೊಡನೆ ಹೆಚ್ಚು ವ್ಯವಹಾರವಿದ್ದವರಿಗೇ ನೀರಿನ ವಿದ್ಯೆಯು ದೊರೆಯಲಿಲ್ಲ. ಇದರ ಪರಿಣಾಮವನ್ನು ನಾವು ಪತ್ರಿಕೆಯ ಮೂಲೆಗಳಲ್ಲಿ ಪದೇ ಪದೇ ಅಚ್ಚು ಮಾಡಬೇಕಾಗಿ ಬಂದಿದೆ. ಒಬ್ಬಳ ಕಾಲು ಜಾರುತ್ತದೆ. ಕೈ ಹಿಡಿಯಲು ತಂಗಿ ಇಳಿಯುತ್ತಾಳೆ. ಇಬ್ಬರನ್ನೂ ಎಳೆಯಲು ತಾಯಿ ಹಾರುತ್ತಾಳೆ. ಸಿಮೆಂಟು ಹಾಸಿನ ಕಾಲುವೆಯ ಇಳಿಜಾರು ದಂಡೆಯು ಪಾಚಿಗಟ್ಟಿದ್ದರೆ ಬಿದ್ದವರಿಗೆ ಹಿಡಿಯಲು ಒಂದು ಬೇರೂ ಇರುವುದಿಲ್ಲ.

ಇದು ನಮ್ಮ ಜಿಲ್ಲೆಯೊಂದರ ದುಃಖವಲ್ಲ. 2021ರಲ್ಲಿ ಲೋಕದಲ್ಲಿ ಸುಮಾರು 3 ಲಕ್ಷ ಜನರು ನೀರಿನಲ್ಲಿ ಮುಳುಗಿ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯು ಅಂದಾಜು ಮಾಡಿತು. ಭಾರತ ಸರ್ಕಾರದ ಅಪರಾಧ ದಾಖಲೆಗಳ ಇಲಾಖೆಯ ಲೆಕ್ಕದಂತೆ 2022ರಲ್ಲಿ ನಮ್ಮ ದೇಶದಲ್ಲಿಯೇ ಹೀಗೆ ಸತ್ತವರು 38 ಸಾವಿರಕ್ಕೂ ಹೆಚ್ಚು. ಸಂಯುಕ್ತ ರಾಷ್ಟ್ರ ಸಂಸ್ಥೆಯು 2021ರಲ್ಲಿ ನಿರ್ಣಯಮಾಡಿ ಜುಲೈ 25ನೆಯ ದಿನವನ್ನು ಇದಕ್ಕಾಗಿಯೇ ಮೀಸಲಿಟ್ಟಿತು. ಶಾಲಾವಯಸ್ಸಿನ ಮಕ್ಕಳಿಗೆ ಈಜನ್ನೂ ನೀರಿನಲ್ಲಿ ಎಚ್ಚರದಿಂದಿರುವುದನ್ನೂ ಕಲಿಸಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸ್ಪಷ್ಟವಾದ ಸಲಹೆ.

ಆಕ್ಷೇಪಣೆಗಳಿಗೆ ಸಮಾಧಾನ

ಹೆಣ್ಣು ಮಕ್ಕಳು ಈಜುಡುಪು ತೊಟ್ಟು ನೀರಿಗಿಳಿಯುವುದು ನಮ್ಮ ಮರ್ಯಾದೆಗೆ ಒಪ್ಪುವುದೇ ಎಂದು ಕೆಲವರು ಕೇಳಬಹುದು. ಈ ಪ್ರಶ್ನೆಯನ್ನು ನಾವೊಬ್ಬರೇ ಕೇಳಿದವರಲ್ಲ. ಒಲಿಂಪಿಕ್ಕಿನಲ್ಲಿ ಸ್ತ್ರೀಯರ ಈಜಿಗೆ ಮೊದಲು ಅವಕಾಶ ದೊರೆತದ್ದು 1912ರಲ್ಲಿ, ಸ್ಟಾಕ್‌ಹೋಮಿನಲ್ಲಿ. ಆಗ ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ಪ್ರಾಂತದಲ್ಲಿ, ಪುರುಷರು ನೋಡುತ್ತಿರುವಲ್ಲಿ ಸ್ತ್ರೀಯರು ಈಜಬಾರದೆಂಬ ನಿಬಂಧನೆಯು ಸ್ತ್ರೀಯರ ಈಜು ಸಂಘದಲ್ಲಿಯೇ ಇದ್ದಿತು. ಫ್ಯಾನಿ ಡ್ಯುರಾಕ್ ಎಂಬ ತರುಣಿಯನ್ನು ಕಳುಹಿಸಬೇಕೆಂದು ಜನರು ಒತ್ತಾಯಮಾಡಿ, ನಿಬಂಧನೆಯು ಸಡಿಲಿದಾಗ, ಸಂಘದ ಅಧ್ಯಕ್ಷೆಯಾಗಿದ್ದ ರೋಸ್ ಸ್ಕಾಟ್ ಎಂಬ ಗಣ್ಯ ಮಹಿಳೆಯು ರಾಜೀನಾಮೆಯನ್ನೇ ಕೊಟ್ಟರು. ಆಕೆ ಸ್ತ್ರೀಯರ ಮತದಾನದ ಹಕ್ಕಿಗಾಗಿ ಹೋರಾಡಿದವರೆಂಬುದನ್ನು ಗಮನಿಸಿದರೆ, ಈ ಸಂಕೋಚವು ಎಷ್ಟು ಆಳವಾದುದೆಂಬುದು ತಿಳಿಯುವುದು. ಪ್ರಯಾಣದ ವೆಚ್ಚಕ್ಕೆ ಜನರು ಚಂದಾ ಎತ್ತಿದರು. ಡ್ಯುರಾಕ್ ಹೋಗಿ 100 ಮೀಟರು ಫ್ರೀಸ್ಟೈಲನ್ನು 1 ನಿಮಿಷ 22.2 ಸೆಕೆಂಡುಗಳಲ್ಲಿ ಈಜಿ ಚಿನ್ನವನ್ನು ಗೆದ್ದರು. ಎರಡನೆಯವರಾದ ಮೀನಾ ವೈಲಿಯೂ ಅವರ ಊರಿನವರೇ. ಈ ಮೀನಾಳ ತಂದೆಯು 1907ರಲ್ಲಿ ಸಿಡ್ನಿಯ ಕೂಜಿ ಎಂಬಲ್ಲಿ ಬಂಡೆಗಳ ನಡುವೆ ಸಮುದ್ರದ ನೀರೇ ತುಂಬುವಂತೆ ಒಂದು ಕೊಳವನ್ನು ಕಟ್ಟಿದ್ದರು. ತಂದೆಯು ಕೊಳವನ್ನು ಕಟ್ಟಿದ ಐದು ವರ್ಷಕ್ಕೆ ಮಗಳು ಬೆಳ್ಳಿಯನ್ನು ತಂದಳು. 112 ವರ್ಷಗಳ ತರುವಾಯ ಪ್ಯಾರಿಸಿನಲ್ಲಿ ಅದೇ ದೇಶದ ಇಬ್ಬರು ಮೊದಲ ಎರಡು ಸ್ಥಾನಗಳಲ್ಲಿ ನಿಂತರು.

ಸ್ತ್ರೀಯರ ದೇಹಕ್ಕೆ ದೂರದ ಈಜು ಒಗ್ಗದೆಂಬ ಮಾತೂ ಒಂದಿತ್ತು. 1926ರಲ್ಲಿ ಅಮೆರಿಕದ ಗರ್ಟ್ರೂಡ್ ಎಡರ್ಲಿ ಇಂಗ್ಲಿಷ್ ಕಡಲ್ಗಾಲುವೆಯನ್ನು ದಾಟಿ, ಅಲ್ಲಿಯವರೆಗಿನ ಪುರುಷರ ಅತ್ಯುತ್ತಮ ಕಾಲವನ್ನು ಸುಮಾರು ಎರಡು ಗಂಟೆಗಳಿಂದ ತಗ್ಗಿಸಿದರು. ಹಾಗಿದ್ದರೂ ಪುರುಷರಿಗೆ 1908ರಿಂದ ಇದ್ದ 1500 ಮೀಟರು ಪಂದ್ಯವನ್ನು ಒಲಿಂಪಿಕ್ಕಿನವರು ಸ್ತ್ರೀಯರಿಗೆ ಕೊಟ್ಟದ್ದು 2021ರಲ್ಲಿ ನಡೆದ ಟೋಕಿಯೋ ಕೂಟದಲ್ಲಿ! ಪೂರ್ವಗ್ರಹವು ಪ್ರಮಾಣಕ್ಕೆ ಸುಲಭವಾಗಿ ಸೋಲುವುದಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಉಡುಪಿನ ವಿಷಯದಲ್ಲಿ ಹಠಕ್ಕೆ ಕಾರಣವಿಲ್ಲ. ಕಲಿಯುವ ಮಗುವಿಗೆ ಮೈಮುಚ್ಚುವ ಈಜುಡುಪುಗಳು ದೊರೆಯುತ್ತವೆ. ಬಾಲಿಕೆಯರಿಗೆ ಪ್ರತ್ಯೇಕ ವೇಳೆ, ಸ್ತ್ರೀ ಶಿಕ್ಷಕರು, ಬಟ್ಟೆ ಬದಲಾಯಿಸಲು ಬಾಗಿಲು ಭದ್ರವಾದ ಕೋಣೆ, ಈ ಮೂರೂ ಇದ್ದಲ್ಲಿ ಮರ್ಯಾದಸ್ಥರ ಮನೆಯವರು ಹಿಂಜರಿಯಬೇಕಾದುದಿಲ್ಲ. ಮಗಳ ಹೆಣವನ್ನು ಕಾಲುವೆಯಿಂದ ಎತ್ತುವಾಗ ಊರೆಲ್ಲ ನೋಡುತ್ತದೆ. ಆಗ ಕಾಪಾಡಲಾರದ ಮರ್ಯಾದೆಯು ಯಾತಕ್ಕೆ?

ಹಣದ ಮಾತನ್ನೂ ಎತ್ತುವರು. ದೊಡ್ಡ ಕೊಳವು ದುಬಾರಿಯೆಂಬುದು ನಿಜ. ಆದರೆ ಕಲಿಕೆಗೆ 50 ಮೀಟರಿನ ಕೊಳವೇ ಬೇಕಿಲ್ಲ. ನೆರೆಯ ಬಾಂಗ್ಲಾದೇಶದಲ್ಲಿ ಹಳ್ಳಿಯ ಕುಂಟೆಗಳಲ್ಲಿಯೇ ಬಿದಿರಿನ ಅಟ್ಟಣೆಗಳನ್ನು ಮುಳುಗಿಸಿ ಕಟ್ಟಿ, ಅದರ ಆವರಣದೊಳಗೆ ಚಿಕ್ಕ ಮಕ್ಕಳಿಗೆ ಊರಿನವರೇ ತರಬೇತು ಪಡೆದು ಈಜು ಕಲಿಸಿದರು. ಹಾಗೆ ಕಲಿತ ಮಕ್ಕಳಲ್ಲಿ ಮುಳುಗಿ ಸಾಯುವವರು ಬಹಳ ಕಡಮೆಯಾದರೆಂದು ಅಧ್ಯಯನಗಳು ತೋರಿಸಿವೆ. ಬಡ ದೇಶವು ಬಿದಿರಿನಿಂದ ಸಾಧಿಸಿದುದನ್ನು ನಾವು ಸಿಮೆಂಟು ಇಲ್ಲವೆಂದು ಕೈಬಿಡುವುದು ನ್ಯಾಯವಲ್ಲ.

ಆಗಬೇಕಾದುದು

ಹೊಳೆಯಲ್ಲಿಯೂ ಕಾಲುವೆಯಲ್ಲಿಯೂ ಮಕ್ಕಳನ್ನು ಬಿಟ್ಟು ಕಲಿಸಿರೆಂದು ನಾವು ಹೇಳುವುದಿಲ್ಲ. ಅದು ಕೊಲೆಗೆ ಸಮಾನ. ಅಣೆಕಟ್ಟಿನಿಂದ ನೀರು ಬಿಟ್ಟಾಗ ಹೊಳೆಯು ಗಳಿಗೆಯಲ್ಲಿ ಏರುತ್ತದೆ. ನಮ್ಮ ಸೂಚನೆಗಳು ನಾಲ್ಕೇ. ಮೊದಲನೆಯದಾಗಿ, ನಾಲ್ಕು ಊರುಗಳಲ್ಲಿ ಪ್ರತಿಯೊಂದಕ್ಕೂ ಒಂದು ಕಲಿಕೆಯ ಕೊಳ, ಅದರ ಒಂದು ತುದಿಯು ಮಗುವಿನ ಎದೆಮಟ್ಟ ಮೀರದಂತೆ, ಶಾಲೆಗಳಿಗೆ ನಡೆದುಹೋಗುವಷ್ಟು ಹತ್ತಿರದಲ್ಲಿ ಆಗಬೇಕು. ಎರಡನೆಯದಾಗಿ, ಬಾಲಿಕೆಯರಿಗೆ ವಾರದಲ್ಲಿ ನಿಶ್ಚಿತವಾದ ವೇಳೆಗಳನ್ನು ಫಲಕದಲ್ಲಿ ಬರೆದು ಪಾಲಿಸಬೇಕು; ಪ್ರತಿ ತಾಲ್ಲೂಕಿನಿಂದಲೂ ಕೆಲವರು ಉಪಾಧ್ಯಾಯಿನಿಯರಿಗೆ ಈಜು ಕಲಿಸುವ ಮತ್ತು ಜೀವ ರಕ್ಷಿಸುವ ತರಬೇತನ್ನು ಕೊಡಿಸಬೇಕು. ಮೂರನೆಯದಾಗಿ, ಕೊಳವನ್ನು ಕಟ್ಟುವ ಹಣದೊಡನೆಯೇ ಅದನ್ನು ನಡೆಸುವ ಹಣವನ್ನೂ ಗೊತ್ತುಮಾಡಬೇಕು. ಉದ್ಘಾಟನೆಯ ಶಿಲಾಫಲಕವು ಹೊಳೆಯುತ್ತಿದ್ದು ನೀರು ಹಸಿರುಗಟ್ಟುವ ಕೊಳಗಳು ನಮಗೆ ಬೇಡ. ನಾಲ್ಕನೆಯದಾಗಿ, ಕಾಲುವೆಯ ದಂಡೆಗಳಲ್ಲಿ ಜನರು ಬಳಸುವ ಕಡೆಗಳಲ್ಲೆಲ್ಲ ಮೆಟ್ಟಿಲು, ಸರಪಳಿ, ಹಗ್ಗಗಳನ್ನು ನೀರಾವರಿ ಇಲಾಖೆಯವರು ಒದಗಿಸಬೇಕು.

ಇವುಗಳಿಂದ ಒಲಿಂಪಿಕ್ ಪದಕವು ಬರುವುದೇ ಎಂದು ಕೇಳಿದರೆ, ಮೊದಲು ಪ್ರಾಣವು ಉಳಿಯುವುದು ಎಂದು ಉತ್ತರ ಹೇಳುತ್ತೇವೆ. ಸಾವಿರ ಬಾಲಿಕೆಯರು ಭಯವಿಲ್ಲದೆ 25 ಮೀಟರು ಈಜಬಲ್ಲವರಾದರೆ ಅವರಲ್ಲಿ ನೂರು ಮಂದಿಗೆ ವೇಗದ ಆಸೆ ಹುಟ್ಟುವುದು. ಆ ನೂರರಲ್ಲಿ ಯಾರ ತೋಳಿನಲ್ಲಿ ಏನಿದೆಯೋ ಈಗಲೇ ಬಲ್ಲವರಾರು? ಪ್ಯಾರಿಸಿನಲ್ಲಿ ಉಳಿದ ಇಪ್ಪತ್ತೊಂದು ಮೀಟರುಗಳು ಬೆಂಗಳೂರಿನ ಕೆಲವೇ ಕೊಳಗಳಿಂದ ತುಂಬುವ ದೂರವಲ್ಲ. ಅದು ನಾಡಿನ ಸಣ್ಣ ಊರುಗಳಿಂದ ತುಂಬಬೇಕಾದ ದೂರ.

ಹಣ ಮಂಜೂರಾಗುವವರೆಗೆ ಕಾಯಬೇಕಾಗಿಲ್ಲದ ಕೆಲಸವೊಂದಿದೆ. ಈ ನಾಲ್ಕು ತಾಲ್ಲೂಕುಗಳ ಪ್ರೌಢಶಾಲೆಗಳ ಮುಖ್ಯೋಪಾಧ್ಯಾಯರು ತಮ್ಮ ಶಾಲೆಯ ಬಾಲಿಕೆಯರಲ್ಲಿ ಈಜಬಲ್ಲವರು ಎಷ್ಟು ಮಂದಿ, ಬಾರದವರು ಎಷ್ಟು ಮಂದಿ ಎಂಬುದನ್ನು ತರಗತಿಯಲ್ಲಿ ವಿಚಾರಿಸಿ ನಮಗೆ ತಿಳಿಸುವ ಕೃಪೆಮಾಡಬೇಕು. ಮಕ್ಕಳ ಹೆಸರುಗಳು ಬೇಕಾಗಿಲ್ಲ, ಅಂಕಿಗಳು ಸಾಕು. ಬಂದ ಅಂಕಿಗಳನ್ನು ಊರುವಾರು ಈ ಪುಟದಲ್ಲಿಯೇ ಅಚ್ಚು ಮಾಡುವೆವು. ಅವುಗಳನ್ನು ನೋಡಿದ ಮೇಲೆ ಜಿಲ್ಲೆಯ ಅಧಿಕಾರಿಗಳೂ ಪುರಪ್ರಮುಖರೂ ಏನು ಮಾಡತಕ್ಕದ್ದೆಂಬುದನ್ನು ನಾವು ಮತ್ತೊಮ್ಮೆ ಬರೆಯಬೇಕಾದ ಅಗತ್ಯವು ಬೀಳಲಾರದೆಂದು ನಂಬಿದ್ದೇವೆ.